ವಾದಿ ಮಾಮನ ಸಾಯದ ವಾಲ್ವು

ವಾದಿ ಮಾಮನ ಕೋಣೆಯ ಕಿಟಕಿಯ ಮೇಲೆ ಒಂದು ಉದ್ದನೆಯ ಹಲಗೆ ಇತ್ತು. ಅದರ ಮೇಲೆ ಸತ್ತ ವಾಲ್ವುಗಳು ಸಾಲಾಗಿ ನಿಂತಿದ್ದವು. ವಾಲ್ವು ಎಂದರೆ ಹಳೆಯ ರೇಡಿಯೋಗಳ ಒಳಗೆ ಕೆಂಪಗೆ ಬೆಳಗುತ್ತಿದ್ದ ಗಾಜಿನ ಬುರುಡೆ. ಕೆಲವು ಹೆಬ್ಬೆರಳಿನಷ್ಟು, ಕೆಲವು ಬದನೆಕಾಯಿಯಷ್ಟು. ಬೇರೆ ರಿಪೇರಿಯವರು ಸತ್ತ ವಾಲ್ವನ್ನು ಕಸಕ್ಕೆ ಹಾಕುತ್ತಾರೆ. ಮಾಮ ಹಾಕುತ್ತಿರಲಿಲ್ಲ. ಒಂದೊಂದರ ಮೇಲೂ ಸಣ್ಣ ಕುಂಚದಿಂದ, ಬಿಳಿಯ ಎಣ್ಣೆಬಣ್ಣದಲ್ಲಿ ಬರೆದ ಒಂದೊಂದು ಹೆಸರಿತ್ತು. ಮೊದಲ ದಿನ ಅದನ್ನು ಕಾರ್ಖಾನೆಯ ಹೆಸರು ಅಂದುಕೊಂಡು ಹತ್ತಿರ ಹೋಗಿ ಓದಿದೆ. 'ಹಲ್ಲು ಡಾಕ್ಟರ್.' 'ಎದುರುಮನೆ ಸ್ಕೂಟರ್.' 'ದೊಡ್ಡಪ್ಪನ ಮಗ ಶ್ರೀಪತಿ.' 'ಪ್ರಮೋಷನ್ ಕೃಷ್ಣಮೂರ್ತಿ.'

"ಇವರೆಲ್ಲ ಯಾರು ಮಾಮ?" ಅಂತ ಕೇಳಿದೆ.

ಅವರು ಬೆಸುಗೆ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆ, "ಶಿಕ್ಷೆ ಮುಗಿಸಿದವರು," ಅಂದರು.

ಅವರ ಪದ್ಧತಿ ಹೀಗಿತ್ತು. ಯಾರಾದರೂ ತನಗೆ ಅನ್ಯಾಯ ಮಾಡಿದರೆ ಮಾಮ ಜಗಳಕ್ಕೆ ಹೋಗುತ್ತಿರಲಿಲ್ಲ. ಚೆನ್ನಾಗಿ ಉರಿಯುವ ಒಂದು ವಾಲ್ವು ತೆಗೆದುಕೊಂಡು, ಅದರ ಮೇಲೆ ಆ ಮನುಷ್ಯನ ಹೆಸರು ಬರೆದು, ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಆಂಪ್ಲಿಫೈಯರಿಗೆ ಸಿಕ್ಕಿಸುತ್ತಿದ್ದರು. ದಿನಾ ಆರೇಳು ಗಂಟೆ ಅದು ಅಲ್ಲಿ ಉರಿಯಬೇಕು. ಆರು ತಿಂಗಳಿಗೋ ಎರಡು ವರ್ಷಕ್ಕೋ ಅದು ಸಾಯುತ್ತಿತ್ತು. ಅಂದು ಅದನ್ನು ಹಲಗೆಗೆ ಏರಿಸಿ, "ಎಳ್ಳುನೀರು ಬಿಟ್ಟಾಯ್ತು," ಎಂದು ಕೈ ತೊಳೆದುಕೊಳ್ಳುವರು. ಅಲ್ಲಿಗೆ ಸಿಟ್ಟು ಮುಗಿಯಿತು. ಮಾರನೆಯ ದಿನ ಎದುರುಮನೆ ಸ್ಕೂಟರಿನವನ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದರು. ಆದರೆ ವಾಲ್ವು ಸಾಯುವ ತನಕ ಆ ಮನುಷ್ಯ ಎದುರಿಗೆ ಬಂದು ನಿಂತರೂ ಮಾಮನ ಕಣ್ಣಿಗೆ ಬೀಳುತ್ತಿರಲಿಲ್ಲ.

"ಕ್ಷಮಿಸುದೆಲ್ಲ ದೇವರಿಗೆ ಸರಿ ಮಾರಾಯ್ತಿ. ನಾನು ರೈಲ್ವೆ ಪಿಂಚಣಿಯವ," ಅನ್ನುತ್ತಿದ್ದರು.

ಪೂರ್ತಿ ಹೆಸರು ವಾದಿರಾಜ. ಹೆಸರಿನಲ್ಲೇ ವಾದಿ ಇದ್ದ ಮೇಲೆ ಪ್ರತಿವಾದಿಗಳಿಗೆ ಏನು ಬರ. ಉಡುಪಿ ಕಡೆಯವರು. ಅವರ ತಂದೆ, ಚಿಕ್ಕಪ್ಪ, ತಮ್ಮ ಎಲ್ಲರೂ ಮದ್ರಾಸಿಗೆ ಬಂದು ಸೌಟು ಹಿಡಿದರೆ ಇವರೊಬ್ಬರು ಬೆಸುಗೆ ಕಡ್ಡಿ ಹಿಡಿದರು. ರೈಲ್ವೆಯಲ್ಲಿ ಸ್ಟೇಷನ್ನುಗಳ ಮೈಕು, ಸ್ಪೀಕರು ನೋಡಿಕೊಳ್ಳುವ ಕೆಲಸ. ಗಾಡಿ ತಡವಾಗಿ ಬರುತ್ತದೆ ಎಂಬುದನ್ನು ಮೂವತ್ತು ವರ್ಷ ಜನರಿಗೆ ಸ್ಪಷ್ಟವಾಗಿ ಕೇಳಿಸಿದ್ದೇ ತನ್ನ ಸಾಧನೆ ಎಂದು ಹೇಳಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ತಮ್ಮನ ಪುಟ್ಟ ಹೋಟೆಲಿನ ಮೇಲಿನ ಕೋಣೆಯಲ್ಲಿ ಕೂತು ಹಳೆಯ ವಾಲ್ವ್ ಸೆಟ್ಟುಗಳನ್ನು ಸರಿಮಾಡುತ್ತಿದ್ದರು. ಸಣಕಲು ದೇಹ, ಮೊಣಕಾಲ ಮೇಲಕ್ಕೆ ಮಡಿಚಿ ಕಟ್ಟಿದ ಪಂಚೆ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್. ಬರೆಯಲಿಕ್ಕಲ್ಲ, ವಾಲ್ವನ್ನು ಮೆಲ್ಲಗೆ ತಟ್ಟಿ ಅದು ಕೊಡುವ ಸದ್ದು ಕೇಳಲಿಕ್ಕೆ. ರಿಪೇರಿ ಮುಗಿದ ಮೇಲೆ ಕೆಳಗಿನಿಂದ ಕಾಫಿ ತರಿಸಿ, ತುಂಬಿದ ಲೋಟವನ್ನು ಆಂಪ್ಲಿಫೈಯರಿನ ಮೇಲಿಟ್ಟು ಅದರ ಕೆನೆಯನ್ನೇ ನೋಡುತ್ತಾ ಕೂರುವರು. ಕಾಫಿಯಲ್ಲಿ ಸಣ್ಣ ಅಲೆ ಎದ್ದರೆ ಒಳಗೆ ಎಲ್ಲೋ ಗುಂಯ್‌ಗುಡುವಿಕೆ ಉಳಿದಿದೆ ಎಂದು ಅರ್ಥ. ಅಲೆ ಇಲ್ಲದಿದ್ದರೆ ಕೆಲಸ ಮುಗಿದಂತೆ. ಆಗ ಕುಡಿಯುವರು. ಅವರು ಬಿಸಿ ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ.

ಅವರ ಮಾತಿನ ಬಗ್ಗೆ ಹೇಳಲೇಬೇಕು, ಎಲ್ಲ ಶುರುವಾದದ್ದು ಅದರಿಂದ. ಉಡುಪಿ ಕನ್ನಡ, ಅದರೊಳಗೆ ಚೆನ್ನೈ ತಮಿಳು. ಬದಲಾಯಿಸು ಅನ್ನುವುದಕ್ಕೆ ಅವರು 'ಮಾತ್ತು' ಅನ್ನುತ್ತಿದ್ದರು. ತಮಿಳಿನ ಆ ಶಬ್ದ ಇಲ್ಲಿನ ಕನ್ನಡಿಗರ ಬಾಯಲ್ಲಿ ಕನ್ನಡದ ಬಾಲ ಅಂಟಿಸಿಕೊಂಡು ಓಡಾಡುತ್ತದೆ. ವಾಲ್ವು ಮಾತ್ತಬೇಕು, ಬಸ್ಸು ಮಾತ್ತಿ ಬಂದೆ, ಸ್ವಲ್ಪ ಸೀಟು ಮಾತ್ತಿ. ನನ್ನ ಮನೆಯಲ್ಲೂ ಹಾಗೇ. ನಮ್ಮಪ್ಪ ಹಾಸನದವರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದೂ ಇದ್ದೂ, "ದಿಂಬಿನ ಕವರ್ ಮಾತ್ತಮ್ಮ," ಅನ್ನುವುದನ್ನು ಕಲಿತರು. ಅದು ಬೇರೆ ಭಾಷೆಯ ಮಾತು ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಮೈಸೂರಿನ ನೆಂಟರು ನಕ್ಕಾಗ.

ನಾನು ಮಾಮನ ಹತ್ತಿರ ಹೋದದ್ದು ಸೇಡಿಗಾಗಿ. ಇದಕ್ಕಿಂತ ಸಭ್ಯವಾದ ಶಬ್ದ ಹುಡುಕಲು ಹೋಗುವುದಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ಬಹಳ ನಿಧಾನ.

ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಕಾಲೇಜಿನಲ್ಲಿ ಬಿಟ್ಟಿದ್ದ ಎಲೆಕ್ಟ್ರಿಕ್ ಗಿಟಾರನ್ನು ನಲವತ್ತು ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡೆ. ಮನೆಯಲ್ಲಿ ಅಭ್ಯಾಸ ಮಾಡಲು ಪುಟ್ಟ ವಾಲ್ವ್ ಆಂಪ್ಲಿಫೈಯರ್ ಒಂದಿತ್ತು. ಐದು ವಾಟಿನದು, ಅಂಗೈಯಗಲದ ಸ್ಪೀಕರು, ಹೊತ್ತುಕೊಂಡು ಹೋದರೆ ಟಿಫನ್ ಕ್ಯಾರಿಯರ್ ಹಿಡಿದ ಹಾಗೆ. ಇಲ್ಲಿನ ನಮ್ಮ ಕನ್ನಡ ಸಂಘ ಪ್ರತಿ ನವೆಂಬರಿನಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದು ರಾಜ್ಯೋತ್ಸವ ಮಾಡುತ್ತದೆ. ಅದರ ಕಾರ್ಯದರ್ಶಿ ಸದಾಶಿವಯ್ಯನವರು. ಬ್ಯಾಂಕಿನಿಂದ ನಿವೃತ್ತರು, ಮೈಸೂರಿನವರು, ಇಸ್ತ್ರಿ ಮಾಡಿದ ಕನ್ನಡ. ನಿರೂಪಣೆ ಅವರದೇ. ಧ್ವನಿ ಮಾತ್ರ ನಿಜಕ್ಕೂ ಚೆನ್ನ, ಹಾಳಾಗಿ ಹೋಗಲಿ.

ಆ ವರ್ಷ ಮಹಿಳಾ ಘಟಕದವರ ಹಠಕ್ಕೆ ನನಗೆ ಊಟಕ್ಕೆ ಮುಂಚೆ ಐದು ನಿಮಿಷ ಕೊಟ್ಟಿದ್ದರು. ಆಂಪ್ಲಿಫೈಯರಿನ ಮುಂದೆ ಮಂಟಪದ ಮೈಕು ಇಟ್ಟು ಒಂದು ಭಜನೆಯ ಮಟ್ಟು ನುಡಿಸತೊಡಗಿದೆ. ಒಂದು ನಿಮಿಷ ಆಗುವಷ್ಟರಲ್ಲಿ ಸದಾಶಿವಯ್ಯನವರು ಮೈಕಿನವನಿಗೆ ಕೈಸನ್ನೆ ಮಾಡಿ ನನ್ನ ಸದ್ದು ಇಳಿಸಿದರು. ಮೂರನೆಯ ನಿಮಿಷಕ್ಕೆ ವೇದಿಕೆಗೇ ಬಂದು, "ತಾಯಿ, ಮಿಕ್ಸಿ ನಿಲ್ಲಿಸಿ. ಚಟ್ನಿ ಆಗಿದೆ, ಊಟಕ್ಕೆ ಏಳೋಣ," ಅಂದರು. ಇನ್ನೂರು ಜನ ನಕ್ಕರು. ಎರಡನೆಯ ಸಾಲಿನಲ್ಲಿ ಕೂತಿದ್ದ ನನ್ನ ಮಗಳೂ ನಕ್ಕಳು. ನಾನೂ ನಗಬೇಕಾಯಿತು, ಅದೇ ಹೆಚ್ಚು ಉರಿಯಿತು. ಆ ದಿನದಿಂದ ನನ್ನನ್ನು ಮಿಕ್ಸಿ ಸುಮಾ ಎಂದು ಕರೆಯುವವರು ಹುಟ್ಟಿಕೊಂಡರು. ಸಂತೈಸಲು ಬಂದ ಗಂಡನ ಮೇಲೂ ಹಾರಿಬಿದ್ದೆ.

ಯಾರೋ ವಾದಿ ಮಾಮನ ಹೆಸರು ಹೇಳಿದರು. ಒಂದು ಶನಿವಾರ ಬೆಳಗ್ಗೆ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿ, "ಇದು ಮೈಕಿಲ್ಲದೆ ಇಡೀ ಮಂಟಪಕ್ಕೆ ಕೇಳೋ ಹಾಗೆ ಆಗ್ಬೇಕು," ಅಂದೆ.

"ಎಂತಕ್ಕೆ?"

"ಒಬ್ಬರ ಮೇಲೆ ಸೇಡಿದೆ."

ಬೆಸುಗೆ ಕಡ್ಡಿಯನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. "ಯಾರ ಮೇಲೆ?"

"ಸಂಘದ ಕಾರ್ಯದರ್ಶಿ. ಸದಾಶಿವಯ್ಯ ಅಂತ."

ಮಾಮ ಎದ್ದುಹೋಗಿ ಮೆಟ್ಟಿಲಿನಿಂದ ಕೆಳಗೆ ಬಗ್ಗಿ, "ಎರಡು ಕಾಫಿ," ಎಂದು ಕೂಗಿದರು. ಮತ್ತೆ ಬಂದು ಸ್ಟೂಲನ್ನು ನನ್ನ ಕಡೆ ತಳ್ಳಿ, "ಕೂತ್ಕೊ ಮಾರಾಯ್ತಿ. ನೀನು ಸರಿಯಾದ ಜಾಗಕ್ಕೇ ಬಂದಿದ್ದಿ," ಅಂದರು.

ಇಪ್ಪತ್ತೆರಡು ವರ್ಷದ ಹಿಂದೆ ಸಂಘದ ಮೈಕು ಸೆಟ್ಟು ಮಾಮನದೇ ಆಗಿತ್ತಂತೆ. ರಜೆ ಹಾಕಿ ಬಂದು, ತಾನೇ ಕಟ್ಟಿದ ಉದ್ದನೆಯ ಸ್ಪೀಕರುಗಳನ್ನು ನಿಲ್ಲಿಸುತ್ತಿದ್ದರು. ಒಂದು ರಾಜ್ಯೋತ್ಸವದ ದಿನ ಮಳೆ. ಮಂಟಪದ ವೈರಿಂಗಿನಲ್ಲಿ ಏನೋ ದೋಷ, ಸದಾಶಿವಯ್ಯನವರ ಮುಂದಿದ್ದ ಮೈಕಿಗೆ ಕರೆಂಟು ಬರುತ್ತಿದೆ ಎಂದು ಮಾಮನಿಗೆ ಗೊತ್ತಾಯಿತು. ವೇದಿಕೆಯ ಪಕ್ಕದಿಂದ, "ಮೈಕ್ ಮಾತ್ತಿ ಸಾರ್! ಮಾತ್ತಿ! ಮಾತ್ತಿ!" ಎಂದು ಕೂಗಿದರು. ಸದಾಶಿವಯ್ಯನವರ ಇಸ್ತ್ರಿ ಕಿವಿಗೆ ಅದು 'ಮಾತು, ಮಾತು' ಎಂದು ಕೇಳಿತು. ಜನ ಇನ್ನೂ ಮಾತು ಬೇಕು ಅನ್ನುತ್ತಿದ್ದಾರೆ ಎಂದು ಉಬ್ಬಿಹೋಗಿ, ಇನ್ನಷ್ಟು ಮುಂದೆ ಬಗ್ಗಿ, ಮೈಕಿಗೆ ತುಟಿ ತಾಗಿಸಿದರು. ಶಾಕ್ ಹೊಡೆದು ಎರಡಡಿ ಹಿಂದಕ್ಕೆ ಹಾರಿದರು. ಪೇಟ ಬಿತ್ತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸುಧಾರಿಸಿಕೊಂಡ ಮೇಲೆ ಬೇರೆ ಮೈಕು ತರಿಸಿಕೊಂಡರು. ಮಾಮನನ್ನು ವೇದಿಕೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರಂತೆ. "ಕನ್ನಡದಲ್ಲಿ ಬದಲಾಯಿಸಿ ಎನ್ನುತ್ತಾರೆ. ಮೊದಲು ಕನ್ನಡ ಕಲಿತು ಬನ್ನಿ, ಆಮೇಲೆ ಮೈಕ್ ಮುಟ್ಟಿ."

ಮಾಮ ಆ ವಾಕ್ಯವನ್ನು ನನಗೆ ಹೇಳುವಾಗ ಸದಾಶಿವಯ್ಯನವರ ದನಿಯಲ್ಲೇ ಹೇಳಿದರು, ಒಂದಕ್ಷರ ಆಚೀಚೆ ಇಲ್ಲದೆ. ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದರೋ.

"ನಾನು ಅವನ ಜೀವ ಉಳಿಸ್ಲಿಕ್ಕೆ ಕೂಗಿದ್ದು. ಅವ ನನಗೆ ಕನ್ನಡ ಕಲಿಸ್ಲಿಕ್ಕೆ ಬಂದ. ನನಗೆ! ಮಧ್ವಸರೋವರದಲ್ಲಿ ಕಾಲು ತೊಳೆದು ಬೆಳೆದವನಿಗೆ!"

ಮರುವರ್ಷದಿಂದ ಮೈಕು ಬೇರೆಯವರಿಗೆ ಹೋಯಿತು. ಸಂಘದ ಕೋಣೆಯಲ್ಲಿದ್ದ ಮಾಮನ ಸ್ಪೀಕರುಗಳನ್ನು ಒಂದು ಮಾತೂ ಹೇಳದೆ ಗುಜರಿಗೆ ಹಾಕಿದರು. ಮಾಮ ಗುಜರಿಯವನ ಬೆನ್ನು ಹಿಡಿದು ಪಲ್ಲಾವರಂ ಶುಕ್ರವಾರದ ಸಂತೆ ತನಕ ಹೋದರು. ಹಳೆಯ ಫ್ಯಾನು, ಮುರಿದ ಟಿವಿಗಳ ರಾಶಿಯ ನಡುವೆ ನಾಲ್ಕರಲ್ಲಿ ಒಂದು ಮಾತ್ರ ಸಿಕ್ಕಿತು. ಅದನ್ನು ಗೋಣಿಯಲ್ಲಿ ಸುತ್ತಿ ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

"ಸದಾಶಿವಯ್ಯನ ಹೆಸರು ಎಲ್ಲಿದೆ?" ಹಲಗೆಯ ಕಡೆ ನೋಡುತ್ತಾ ಕೇಳಿದೆ. ಸಾಲಿನ ಮೊದಲನೆಯ ಜಾಗ ಖಾಲಿ ಇತ್ತು.

ಮಾಮ ಮೇಜಿನ ಮೇಲಿನ ಆಂಪ್ಲಿಫೈಯರಿನ ಕಡೆ ಗದ್ದ ಎತ್ತಿ ತೋರಿಸಿದರು. ಅದರ ಹಿಂಬದಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ವಾಲ್ವು ಹಾಯಾಗಿ ಉರಿಯುತ್ತಿತ್ತು. ಬೆಂಗಳೂರಿನಲ್ಲಿ ಹಿಂದೆ ತಯಾರಾಗುತ್ತಿದ್ದ ವಾಲ್ವು. ಮೇಲೆ ಬಿಳಿ ಅಕ್ಷರ, 'ಸದಾಶಿವಯ್ಯ'.

"ಇಪ್ಪತ್ತೆರಡು ವರ್ಷ ಆಯ್ತು. ಅಕ್ಕಪಕ್ಕದವರೆಲ್ಲ ಸತ್ತರು. ಇವ ಸಾಯುದಿಲ್ಲ, ಕಳ್ಳ."

ನನ್ನ ಪೆಟ್ಟಿಗೆ ಬಿಚ್ಚಿದರು. ಒಳಗೆ ಎರಡೇ ವಾಲ್ವು. ಗಿಟಾರಿನ ಸಣ್ಣ ಸದ್ದನ್ನು ಮೊದಲು ಎತ್ತಿಕೊಳ್ಳುವ ಚಿಕ್ಕದೊಂದು, ಅದನ್ನು ಸ್ಪೀಕರಿಗೆ ನೂಕುವ ದೊಡ್ಡದೊಂದು. ದೊಡ್ಡದನ್ನು ಪೆನ್ಸಿಲಿನಿಂದ ತಟ್ಟಿ, "ಇದಕ್ಕೆ ವಯಸ್ಸಾಯ್ತು, ಮಾತ್ತುವ," ಅಂದರು. ಸ್ಪೀಕರನ್ನು ಬೆರಳಿನಿಂದ ಒತ್ತಿ, "ಇದಕ್ಕೆ ವಯಸ್ಸಾದ್ದಲ್ಲ, ಹುಟ್ಟುವಾಗಲೇ ಹಪ್ಪಳ," ಅಂದರು.

"ಐದು ವಾಟ್ ಸಾಕಾಗುತ್ತಾ ಮಾಮ? ದೊಡ್ಡ ಆಂಪ್ಲಿಫೈಯರ್ ಬೇಡ್ವಾ?"

"ವಾಟ್ ಎಲ್ಲ ಅಂಗಡಿಯವ ಹೇಳುವ ಕಥೆ. ಗಾಳಿಯನ್ನು ತಳ್ಳುದು ಸ್ಪೀಕರಿನ ಕಾಗದ. ಕಾಗದ ದೊಡ್ಡದಾಗಿ, ಹಗುರ ಆಗಿ, ಹಿಂದೆ ಅಯಸ್ಕಾಂತ ಗಟ್ಟಿ ಇದ್ರೆ ಐದು ವಾಟಿಗೆ ಮಂಟಪದ ಅಡುಗೆಯವನೂ ಹೊರಗೆ ಬಂದು ನೋಡ್ತಾನೆ."

ಗೋಣಿ ಬಿಚ್ಚಿದರು. ಊಟದ ತಟ್ಟೆಯಗಲದ ಸ್ಪೀಕರು, ಕಬ್ಬಿಣದ ಚೌಕಟ್ಟಿನ ಮೇಲೆ ಮಾಮ ಅಂದು ಹಚ್ಚಿದ್ದ ಹಸಿರು ಗುರುತು. ಕಾಗದವನ್ನು ಇಲಿ ತಿಂದಿತ್ತು. ರೇಡಿಯೋ ಸಾಮಾನಿನ ಅಂಗಡಿಗಳ ರಿಚ್ಚಿ ಸ್ಟ್ರೀಟಿನಲ್ಲಿ ಗೊತ್ತಿದ್ದವನ ಹತ್ತಿರ ಕೂತು ಹೊಸ ಕಾಗದ ಹಾಕಿಸಿ, ನನ್ನ ಆಂಪ್ಲಿಫೈಯರಿಗೆ ಹೊಂದುವಂತೆ ಹೊಸ ತಂತಿಯ ಕಾಯಿಲು ಸುತ್ತಿಸಿದರು. ಅಷ್ಟು ದೊಡ್ಡ ಸ್ಪೀಕರು ಹಳೆಯ ಪೆಟ್ಟಿಗೆಯಲ್ಲಿ ಹಿಡಿಯದು, ಹಾಗಾಗಿ ತಮ್ಮನ ಹೋಟೆಲಿನ ಹಳೆಯ ಬೆಂಚಿನ ಹಲಗೆ ಕೊಯ್ದು ಹೊಸ ಪೆಟ್ಟಿಗೆ ಮಾಡಿದರು. ಇವತ್ತಿಗೂ ಆಂಪ್ಲಿಫೈಯರ್ ಬಿಸಿಯಾದಾಗ ನನ್ನ ಕೋಣೆಯಲ್ಲಿ ಸಾಂಬಾರಿನ ವಾಸನೆ ಬರುತ್ತದೆ.

ದೊಡ್ಡ ವಾಲ್ವಿನ ಜಾಗಕ್ಕೆ ಹೊಸದು ಸಿಕ್ಕಿ ಹೊಂದಿತು. ಚಿಕ್ಕ ವಾಲ್ವು ಮಾತ್ರ ಅವರನ್ನು ಎರಡು ವಾರ ಕಾಡಿತು. ರಷ್ಯಾದ್ದು ಹಾಕಿದರು, ಚೀನಾದ್ದು ಹಾಕಿದರು. ಒಂದು ಹಾಕಿ ನನ್ನಿಂದ ನುಡಿಸಿ, "ಇದಕ್ಕೆ ಶೀತ ಆಗಿದೆ," ಎಂದು ತೆಗೆದರು. ಇನ್ನೊಂದನ್ನು, "ಇದು ನೋಡಿ ಓದ್ತದೆ, ಬಾಯಿಪಾಠ ಇಲ್ಲ," ಎಂದು ತೆಗೆದರು. ಮೂರನೆಯದು ಹಾಕಿದಾಗ ಕಾಫಿಯಲ್ಲಿ ಅಲೆ ಎದ್ದಿತು. ಕೊನೆಗೆ ಮೇಜಿನ ಮೇಲಿನ ಆಂಪ್ಲಿಫೈಯರಿನ ಹಿಂದೆ ಉರಿಯುತ್ತಿದ್ದ ಸದಾಶಿವಯ್ಯನನ್ನು ಬಹಳ ಹೊತ್ತು ನೋಡಿದರು. ಸ್ವಿಚ್ಚು ಆರಿಸಿ, ಅದು ತಣಿಯುವ ತನಕ ಕಾದು, ಪಂಚೆಯ ಅಂಚಿನಲ್ಲಿ ಹಿಡಿದು ಕಿತ್ತು, ನನ್ನ ಪೆಟ್ಟಿಗೆಗೆ ಸಿಕ್ಕಿಸಿದರು.

ನಾನು ಒಂದೇ ತಂತಿ ಮೀಟಿದೆ. ಕೋಣೆಯ ಕಿಟಕಿ ನಡುಗಿತು. ಕೆಳಗೆ ಹೋಟೆಲಿನಲ್ಲಿ ಮಾತು ನಿಂತಿತು. ಆ ನಾದ ದುಂಡಗಿತ್ತು, ತುಂಬಿತ್ತು, ಬಹಳ ಹೊತ್ತಿನ ತನಕ ಉಳಿಯಿತು. ಕಾಫಿಯ ಕೆನೆ ಅಲುಗಲಿಲ್ಲ.

"ಸ್ವರ ಮಾತ್ರ ಅವನದ್ದೇ ಚಂದ," ಎಂದು ಮಾಮ ಗೊಣಗಿದರು. ಒಪ್ಪಿಕೊಳ್ಳಲು ಅವರಿಗೆ ಎಷ್ಟು ಸಂಕಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಮುಖ ಅರಳಿತು. "ಬೇಯ್ಲಿ. ಅವನ ಎದುರೇ ಅವನನ್ನು ಬೇಯಿಸುವ. ಒಂದು ಕಂಡೀಷನ್ ಉಂಟು. ಇದು ಸಾಯುವ ತನಕ ಮಾತ್ತಬೇಡ. ಸತ್ತ ದಿನ ತಂದು ನನ್ನ ಕೈಗೆ ಕೊಡು. ಮೊದಲನೇ ಜಾಗ ಖಾಲಿ ಇಟ್ಟಿದ್ದೇನೆ."

ನವೆಂಬರ್ ಬಂತು, ಎಂದಿನಂತೆ ಮಳೆಯನ್ನೂ ಕರೆದುಕೊಂಡು. ಇಪ್ಪತ್ತೆರಡು ವರ್ಷದ ನಂತರ ಮಾಮ ಸಂಘದ ಮಂಟಪಕ್ಕೆ ಕಾಲಿಟ್ಟರು. ಬಿಳಿ ಷರ್ಟು, ಇಳಿಬಿಟ್ಟ ಪಂಚೆ, ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತರು. ಯಾರೂ ಗುರುತಿಸಲಿಲ್ಲ. ನನ್ನ ಸರದಿ ಬಂದಾಗ ಹಲಗೆಯ ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, "ನನಗೆ ಮೈಕ್ ಬೇಡ," ಅಂದೆ.

ಸದಾಶಿವಯ್ಯನವರು ಪೆಟ್ಟಿಗೆಯನ್ನು ಸುತ್ತಿ ನೋಡಿ, ಮೈಕಿನಲ್ಲಿ, "ಕಳೆದ ಬಾರಿ ಮಿಕ್ಸಿ. ಈ ಬಾರಿ ಗ್ರೈಂಡರನ್ನೇ ತಂದಿದ್ದೀರಾ ತಾಯಿ?" ಅಂದರು. ಜನ ನಕ್ಕರು. ನಾನು ನಗಲಿಲ್ಲ, ಒಂದು ವರ್ಷ ಅದನ್ನೇ ಅಭ್ಯಾಸ ಮಾಡಿದ್ದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಹೊರನಾಡಿನ ಕನ್ನಡ ಹೇಗೆ ಕಲಬೆರಕೆಯಾಗುತ್ತಿದೆ, ಮನೆಮನೆಯಲ್ಲಿ ಅನ್ಯ ಶಬ್ದಗಳು ಹೇಗೆ ನುಸುಳಿವೆ ಎಂದು ಭಾಷಣ ಹಿಡಿದರು. ಎರಡು ವಾಕ್ಯ ಆಗಿರಬೇಕು, ಮೈಕು ಕೆಮ್ಮಿತು. ಒಂದು ಶಬ್ದ ಕೇಳಿದರೆ ಎರಡು ನುಂಗಿತು. 'ನಮ್ಮ ತಾಯ್ನು' ಎಂದು ನಿಂತಿತು, ಬಳಿಕ ಎಲ್ಲಿಂದಲೋ 'ಪವಿತ್ರ' ಎಂದು ಹೊರಬಿತ್ತು. ಅವರು ಮೈಕನ್ನು ಕುಟ್ಟಿದರು, ಅಲುಗಾಡಿಸಿದರು. ಬೆವರಿದರು. ಕೊನೆಗೆ ಮೂಲೆಯಲ್ಲಿದ್ದ ಮೈಕಿನವನ ಕಡೆ ತಿರುಗಿ ಕೂಗಿದರು. ಸರಿಯಾಗಿ ಆ ಕ್ಷಣಕ್ಕೆ ಮೈಕಿಗೆ ಜೀವ ಬಂತು.

"ಮಾತ್ತುಪ್ಪಾ! ಮೈಕ್ ಮಾತ್ತು!"

ಇಡೀ ಮಂಟಪಕ್ಕೆ ಕೇಳಿತು. ಮತ್ತೆ ಮೈಕು ಸತ್ತಿತು. ಸಭೆ ಬಿದ್ದುಬಿದ್ದು ನಕ್ಕಿತು. ಪಾಪ ಅನ್ನಿಸಿತೇ ಎಂದು ಕೇಳಬೇಡಿ. ಅನ್ನಿಸಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಮೂರನೆಯ ಸಾಲಿನಲ್ಲಿ ಮಾಮ ಎದ್ದು ನಿಂತರು. ಪಂಚೆ ಸರಿಮಾಡಿಕೊಂಡು, ಎದೆಯೆತ್ತಿ, ಸದಾಶಿವಯ್ಯನವರನ್ನೇ ನೋಡುತ್ತಾ ಅವರದೇ ಆ ಹಳೆಯ ವಾಕ್ಯ ಹೇಳಿದರು. ಹೇಳಿದರು ಎಂದು ನನಗೆ ಗೊತ್ತಾದದ್ದು ತುಟಿ ನೋಡಿ. ನಗುವಿನಲ್ಲಿ ಅವರ ಸಣ್ಣ ದನಿ ಮುಳುಗಿಹೋಯಿತು. ಅವರ ಪಕ್ಕದಲ್ಲಿದ್ದವರೂ ತಿರುಗಿ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾಮ ಇನ್ನೊಂದು ಸಲ ಹೇಳಿದರು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು.

ನನಗೆ ಮೈಯೆಲ್ಲ ಉರಿಯಿತು. ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿ ತಂತಿಗೆ ಹೊಡೆದೆ. ನಗು ಅಲ್ಲಿಗೇ ಕತ್ತರಿಸಿದಂತೆ ನಿಂತಿತು. ಏಳು ನಿಮಿಷ ನುಡಿಸಿದೆ, ಕೊಟ್ಟಿದ್ದು ಐದೇ. ಸದಾಶಿವಯ್ಯನವರು ಸತ್ತ ಮೈಕು ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದರು. ಅವರ ಬಾಯಿ ಎರಡು ಸಲ ತೆರೆದು ಮುಚ್ಚಿತು, ಏನಂದರೋ ಅವರಿಗೇ ಕೇಳಿಸಿರಲಾರದು. ನಾನು ಅವರ ಮುಖ ನೋಡುತ್ತಲೇ ನುಡಿಸಿದೆ. ಅಡುಗೆಯವರು ನಿಜವಾಗಿಯೂ ಬಾಗಿಲಿಗೆ ಬಂದು ನಿಂತಿದ್ದರು, ಕೈಯಲ್ಲಿ ಜಾಲರಿ ಸೌಟು.

ಊಟದ ಹೊತ್ತಿಗೆ ಕೈತೊಳೆಯುವ ನಲ್ಲಿಯ ಹತ್ತಿರ ಮಾಮ ಸಿಕ್ಕರು. "ಮಾಮ, ಆ ಮೈಕಿಗೆ ನೀವೇನಾದ್ರೂ..." ಎಂದು ರಾಗ ಎಳೆದೆ.

"ದೇವರಾಣೆ ಕೈ ಹಾಕ್ಲಿಲ್ಲ. ಬೆಳಗ್ಗೆ ನಾಡಗೀತೆ ಹೊತ್ತಿಗೇ ಗೊತ್ತಾಯ್ತು, ಪ್ಲಗ್ಗಿನ ಒಳಗೆ ಬೆಸುಗೆ ಬಿಟ್ಟಿದೆ ಅಂತ. ಹೇಳ್ಲಿಲ್ಲ, ಅಷ್ಟೇ. ಹೋದ ಸಲ ಹೇಳಿದ್ದಕ್ಕಲ್ವಾ ಇಷ್ಟೆಲ್ಲ ಆದದ್ದು?" ಎಂದು ಬಾಯಿ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ನಾನು ಹೇಳಿದ್ದು ಕೇಳಿತಾ?"

"ಕೇಳ್ತು ಮಾಮ." ಸುಳ್ಳು ಹೇಳಿದೆ.

"ಅವನಿಗೆ?"

ನಾನು ಕೈ ಒರೆಸಿಕೊಳ್ಳತೊಡಗಿದೆ. ಮಾಮ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರು. "ಹಾಗಾದ್ರೆ ಆಗ್ಲಿಲ್ಲ. ವಾಲ್ವು ಸಾಯ್ಲೇಬೇಕು," ಅಂದರು.

ಅಲ್ಲಿಂದ ಪ್ರತಿ ಭಾನುವಾರ ಅವರ ಫೋನು ಬರುತ್ತಿತ್ತು. ಕ್ಷೇಮ ಸಮಾಚಾರ ಇಲ್ಲ, ನೇರವಾಗಿ ಒಂದೇ ಪ್ರಶ್ನೆ, "ಸತ್ತಿತಾ?" ಇಲ್ಲ ಅಂದರೆ, "ಜೋರು ಇಡು," ಎಂದು ಇಟ್ಟುಬಿಡುವರು. ನಾನು ಜೋರಾಗಿಯೇ ಇಡುತ್ತಿದ್ದೆ. ಪಕ್ಕದ ಫ್ಲ್ಯಾಟಿನವರು ದೂರು ಕೊಟ್ಟರು. ವಾಲ್ವು ಮಾತ್ರ ದಿನದಿಂದ ದಿನಕ್ಕೆ ಇನ್ನೂ ಸೊಗಸಾಗಿ ಹಾಡುತ್ತಿತ್ತು.

ಮಾಮನನ್ನು ಕೊನೆಯ ಸಲ ನೋಡಿದ್ದು ಆಗಸ್ಟಿನಲ್ಲಿ, ಅದೇ ಕೋಣೆಯಲ್ಲಿ. ಮೇಜನ್ನು ಸರಿಸಿ ಮಂಚ ಹಾಕಿದ್ದರು. ಶ್ವಾಸಕೋಶ ಕೆಟ್ಟಿತ್ತು, ಬೆಸುಗೆಯ ಹೊಗೆಯೇ ಕಾರಣ ಎಂದು ಅವರ ತಮ್ಮ ಹೇಳಿದರು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು. ನಾನು ಕೂರುವ ಮೊದಲೇ ಹುಬ್ಬೆತ್ತಿ ಕೇಳಿದರು.

"ಇಲ್ಲ ಮಾಮ. ಇನ್ನೂ ಉರೀತಿದೆ."

"ನಾನೇ ಮೊದಲು ಹೋಗುದು ಕಾಣ್ತದೆ." ಸಿಟ್ಟಿನಿಂದಲೇ ನಕ್ಕರು, ನಗು ಕೆಮ್ಮಾಯಿತು. ಸುಧಾರಿಸಿಕೊಂಡು ನನ್ನ ಮುಂಗೈ ಹಿಡಿದರು. "ಪಾಪ ಮುದುಕ ಹೋದ, ಇನ್ನೆಂತಕ್ಕೆ ಅಂತ ಹೊಸತು ಹಾಕಿಬಿಡ್ಬೇಡ. ಮಾತ್ತಬೇಡ. ಕೇಳಿತಾ?"

"ಮಾತ್ತಲ್ಲ ಮಾಮ."

ಮುಂದಿನ ಭಾನುವಾರ ಫೋನು ಬರಲಿಲ್ಲ. ಕೋಣೆಯಲ್ಲಿ ಈಗ ಈರುಳ್ಳಿ ಮೂಟೆ ಇದೆ. ಹಲಗೆಯನ್ನೂ ವಾಲ್ವುಗಳನ್ನೂ ತಮ್ಮನನ್ನು ಕೇಳಿ ನಾನೇ ತಂದು ನನ್ನ ಕಿಟಕಿಯ ಮೇಲೆ ಜೋಡಿಸಿದೆ, ಮೊದಲನೆಯ ಜಾಗ ಖಾಲಿ ಬಿಟ್ಟು. ಕೆಲವು ಸಂಜೆ ಅದನ್ನು ನೋಡಿದರೆ ಅಳು ಬರುತ್ತದೆ, ಅದರ ಹಿಂದೆಯೇ ಸಿಟ್ಟು.

ಮೊನ್ನೆ ನವೆಂಬರಿನಲ್ಲಿ ಸಂಘದವರು ವರ್ಷದಲ್ಲಿ ತೀರಿಕೊಂಡವರ ಹೆಸರು ಓದಿದರು. ವಾದಿರಾಜರ ಹೆಸರು ಬಂದಾಗ ಸದಾಶಿವಯ್ಯನವರು ದನಿ ತಗ್ಗಿಸಿ, "ನಮ್ಮ ಸಂಘದ ಧ್ವನಿಯಾಗಿದ್ದವರು," ಅಂದರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಸರದಿಯಲ್ಲಿ ಮಾಮನಿಗಾಗಿ ಎಂದು ಹೇಳಿ ಅದೇ ಮಟ್ಟು ನುಡಿಸಿದೆ. ನಡುವೆ ಎರಡು ಸಲ ಪೆಟ್ಟಿಗೆಯ ಒಳಗಿನಿಂದ ಚಿಟಚಿಟ ಎಂದು ಸದ್ದು ಬಂತು. ಆ ಸದ್ದು ಒಂದು ವಾರದಿಂದ ಇತ್ತು. ನಾನು ಅದನ್ನೇ ಕಾಯುತ್ತಿದ್ದೆ.

ಸಭೆ ಊಟಕ್ಕೆ ಎದ್ದಿತು. ನಾನು ವೈರು ಸುತ್ತುತ್ತಿದ್ದಾಗ ಸದಾಶಿವಯ್ಯನವರು ಹತ್ತಿರ ಬಂದರು. ಅವರಿಗೂ ವಯಸ್ಸಾಗಿದೆ, ಕೈಯಲ್ಲಿ ಕೋಲಿದೆ. ವಾದಿರಾಜ ಮಾಡಿಕೊಟ್ಟದ್ದು ಇದೇ ಅಲ್ಲವೇ ಎಂದು ಪೆಟ್ಟಿಗೆಯ ಹಿಂದಕ್ಕೆ ಹೋಗಿ ಬಗ್ಗಿದರು. ವಾಲ್ವು ಇನ್ನೂ ಉರಿಯುತ್ತಿತ್ತು. ಕನ್ನಡಕ ಏರಿಸಿ ಓದಿದರು. ನೆಟ್ಟಗಾಗುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ನನ್ನ ಹೆಸರು ಬರೆದಿಟ್ಟುಕೊಂಡಿದ್ದಾನೆ. ಇಷ್ಟು ಅಭಿಮಾನ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ, ತಾಯಿ."

ಸುಮ್ಮನಿದ್ದಿದ್ದರೆ ಅವರು ಅಷ್ಟರಲ್ಲೇ ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು. ನಾನು ಸುಮ್ಮನಿರಲಿಲ್ಲ. ಹಲಗೆಯ ವಿಷಯ, ಶಿಕ್ಷೆಯ ವಿಷಯ, ಇಪ್ಪತ್ತುಮೂರು ವರ್ಷ ಮಾಮ ಈ ವಾಲ್ವು ಸಾಯುವುದನ್ನು ಕಾದ ವಿಷಯ, ಎಲ್ಲವನ್ನೂ ನಿಧಾನವಾಗಿ, ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿಸುವಾಗ ವಾಲ್ವು ಮತ್ತೆ ಚಿಟಚಿಟ ಅಂದಿತು. ಸದಾಶಿವಯ್ಯನವರು ಅದರ ಮೇಲಿದ್ದ ತಮ್ಮ ಹೆಸರಿನ ಕಡೆ ನೋಡಿದರು. ಆ ಮುಖ ಬಿಳುಚಿಕೊಂಡದ್ದನ್ನು ಮಾಮ ನೋಡಬೇಕಿತ್ತು.

"ಇದು ಹೋಗೋ ಹಾಗಿದೆಯಲ್ಲಮ್ಮ," ಎಂದು ಪಿಸುಗುಟ್ಟಿದರು. "ಮಾತ್ತಿಬಿಡಿ. ದಯವಿಟ್ಟು. ಮಾತ್ತಿಬಿಡಿ."

ನಾನು ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ.

"ಕನ್ನಡದಲ್ಲಿ ಬದಲಾಯಿಸಿ ಎನ್ನುತ್ತಾರೆ, ಸಾರ್."